ಬೆಟ್ಟವಿಲ್ಲದ ಊರಿನ ಪರ್ವತಾರೋಹಿಗಳು

ಸಮುದ್ರಮಟ್ಟದಿಂದ ಸುಮಾರು 2200 ಅಡಿ ಎತ್ತರದ ಪ್ರಸ್ಥಭೂಮಿಯ ಮೇಲೆಯೇ ಹುಟ್ಟಿ, ಉಂಡು, ನಿದ್ರಿಸುವ ಬೀದರಿನ ಪೌರರು ಜನ್ಮತಃ ಶಿಖರಾರೂಢರಾದುದರಿಂದ, ಇಲ್ಲಿಯ ಚಾರಣಪ್ರಿಯರಿಗೆ ಏರುವ ಭಾಗ್ಯ ದೊರೆಯಬೇಕಾದರೆ ಮೊದಲು ಮಾಂಜ್ರಾ ಕಣಿವೆಗೆ ಇಳಿಯಲೇಬೇಕು. ಭಾಲ್ಕಿ, ಔರಾದುಗಳ ಮಿತ್ರರಾದರೋ, ಇತ್ತ ಬಂದು ಸೇರುವಷ್ಟರಲ್ಲಿ ಅವರ ಆರೋಹಣವೆಲ್ಲ ಬಸ್ಸಿನ ಆಸನದಲ್ಲಿಯೇ ಸಮಾಪ್ತವಾಗಿರುತ್ತದೆ! ಉಳಿದುದು, ಬಾಗಿಲು ತೆರೆದಿದ್ದರೆ, 71 ಅಡಿ ಎತ್ತರದ ಚೌಬಾರ ಗೋಪುರದ ಸುರುಳಿ ಮೆಟ್ಟಿಲು. ಅದೂ ಸಾಲದವರಿಗೆ ಝರಣಿ ನರಸಿಂಹನ ಗುಹೆ. ಬೆಟ್ಟದ ನೆತ್ತಿಗಲ್ಲ, ಹೊಟ್ಟೆಯೊಳಕ್ಕೆ, ಎದೆಮಟ್ಟದ ನೀರಿನಲ್ಲಿ, ಬಾವಲಿಗಳ ಅಧ್ಯಕ್ಷತೆಯಲ್ಲಿ ಸುಮಾರು 300 ಮೀಟರು ನಡೆಯುವ ಈ ಸಾಹಸಕ್ಕೆ ಬೂಟು, ಊರುಗೋಲು, ಬೆನ್ನುಚೀಲಗಳನ್ನು ದ್ವಾರದಲ್ಲಿಯೇ ತ್ಯಜಿಸಿ, ಶ್ವಾಸನಿಯಮವನ್ನು ಚರ್ಚಿಸುತ್ತ ಚಾರಣಪ್ರಿಯರು ಮುನ್ನಡೆಯುತ್ತಿರಲು, ಮಗುವನ್ನು ಹೆಗಲೇರಿಸಿಕೊಂಡ ಭಕ್ತನೊಬ್ಬ, “ಸಾಹೇಬ್ರ, ಹಾದಿ ಬಿಡ್ರಿ, ಮಂಗಳಾರತಿ ಹೊತ್ತಾತು” ಎಂದು ಸರಸರನೆ ದಾಟಿಹೋಗುತ್ತಾನೆ.