ಆಕಾಶ ಬಾಡಿಗೆಗಿದೆ

ಜಗತ್ತಿನಿಂದ ದೂರ ಹೋಗಬೇಕು ಅನ್ನುವವರು ಈಗ ಬಹಳ ಮಂದಿ. ಹೋಗುವಾಗ ಜಗತ್ತನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗುತ್ತಾರೆ, ಅಷ್ಟೆ.

ಇದಕ್ಕೆಂದೇ ಮೋಟಾರ್‌ಹೋಮ್ ಬಂದಿದೆ. ಒಳಗೆ ಹಾಸಿಗೆ, ಒಲೆ, ಫ್ರಿಜ್, ಕಮೋಡು. ಹಿಂದಿನ ಗಾಜಿಗೆ ಬೆಟ್ಟ, ಟೆಂಟು, ಚಂದ್ರನಿರುವ ಸ್ಟಿಕ್ಕರ್. ಬೆಳಗಾವಿ ದಾಟಿ, ಜಾಂಬೋಟಿ ರಸ್ತೆ ಹಿಡಿದು ಕಣಕುಂಬಿ, ಚೋರ್ಲಾ ಘಾಟ್ ಕಡೆ ಹೊರಟರೆ ಖಾನಾಪುರ ತಾಲ್ಲೂಕಿನ ಕಾಡು ಎರಡೂ ಬದಿ ಮುತ್ತಿಕೊಳ್ಳುತ್ತದೆ. ಬಯಸಿದ್ದ ಏಕಾಂತ ಸಿಕ್ಕೇ ಬಿಡುತ್ತದೆ. ಮೊಬೈಲಿನ ಕಡ್ಡಿಗಳು ಒಂದೊಂದಾಗಿ ಉದುರುತ್ತವೆ. ಖುಷಿಪಡಬೇಕಾದವರು ಗಾಡಿ ನಿಲ್ಲಿಸುತ್ತಾರೆ. ಕೆಳಗಿಳಿದು, ಮೊಬೈಲನ್ನು ತಲೆಯ ಮೇಲೆ ಹಿಡಿದು, ಆಕಾಶಕ್ಕೆ ಆರತಿ ಬೆಳಗುತ್ತಾರೆ.

ಆ ರಸ್ತೆಯ ಚಹಾ ಅಂಗಡಿಯೊಂದರ ಮುಂದೆ ಇಂಥದೊಂದು ಆರತಿ ನೋಡಿದ್ದೇನೆ. ಗಾಡಿ ಬೆಂಗಳೂರಿನದು. ಯಜಮಾನರು ಅರ್ಧ ಚಡ್ಡಿಯಲ್ಲಿದ್ದರು.

"ಇಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತೆ?"

"ಹಂಗ ಹಿಂದಕ್ಕ ಹೋಗ್ರಿ ಸಾಹೇಬ್ರ. ಬೆಳಗಾವ್ಯಾಗ ಸಿಗ್ತೈತಿ," ಅಂದ ಅಂಗಡಿಯವ.

ಯಜಮಾನರು ನಗಲಿಲ್ಲ. ಚಹಾ ಹೀರುತ್ತ ಪರಿಸರದ ಬಗ್ಗೆ ಮಾತಾಡಿದರು. ಇಲ್ಲಿ ಟವರ್ ಬರಲೇಬಾರದಂತೆ. ಹಕ್ಕಿಗಳಿಗೆ ತೊಂದರೆಯಂತೆ. ಕಾಡು ಕಾಡಾಗಿಯೇ ಇರಬೇಕಂತೆ. ಅದೇ ಗುಟುಕಿನಲ್ಲಿ ಇನ್ನೊಂದು ಮಾತು: "ಸ್ಟಾರ್‌ಲಿಂಕ್ ಒಂದು ಬರಲಿ ನೋಡಿ. ಗಾಡಿ ಮೇಲೆ ಪ್ಲೇಟ್ ಹಾಕಿಸಿಬಿಡ್ತೀನಿ. ಇಲ್ಲೇ ಕೂತು ಆಫೀಸ್ ಮಾಡಬಹುದು."

ಅಂಗಡಿಯವ ಗ್ಲಾಸು ತೊಳೆಯುತ್ತಿದ್ದ. "ಅದು ನಮಗೂ ಸಿಗ್ತೈತೇನ್ರಿ?" ಅಂದ.

ನಿಮಗ್ಯಾಕೆ ಎಂದು ಅವರು ಬಾಯಿಬಿಟ್ಟು ಕೇಳಲಿಲ್ಲ. ಮುಖ ಕೇಳಿತು.

ಆ ಪ್ಲೇಟಿನ ಆಸೆ ಸುಳ್ಳಲ್ಲ. ಅಮೆರಿಕದಲ್ಲಿ 2022ರಿಂದಲೇ ಮೋಟಾರ್‌ಹೋಮಿನವರಿಗೆಂದು ಸ್ಟಾರ್‌ಲಿಂಕ್ ಪ್ರತ್ಯೇಕ ಉಪಗ್ರಹ ಇಂಟರ್‌ನೆಟ್ ಸೇವೆ ಕೊಡುತ್ತಿದೆ. ಹಳೆಯ ಕಾಲದ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಕೂತಿರುತ್ತದೆ. ಮಾತು ಅಲ್ಲಿಗೆ ಹೋಗಿ ಬರುವುದರಲ್ಲಿ ಈಚೆಯವನಿಗೆ ಆಕಳಿಕೆ. ಸ್ಟಾರ್‌ಲಿಂಕಿನವು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಹಿಂಡುಹಿಂಡಾಗಿ ಸುತ್ತುತ್ತವೆ. ಕೆಳಗೊಂದು ಚಪ್ಪಟೆ ಆಂಟೆನಾ, ಒಂದಿಷ್ಟು ಕರೆಂಟು, ಮೇಲೆ ಬಯಲು ಆಕಾಶ. ಇಷ್ಟಿದ್ದರೆ ಸಾಕು.

ಬಯಲು ಆಕಾಶ ಎಂಬಲ್ಲಿ ಸಣ್ಣ ತೊಡಕಿದೆ. ಮರದ ನೆರಳಿನಲ್ಲಿ ನಿಂತರೆ ಆಂಟೆನಾಗೆ ಕಣ್ಣು ಕಾಣುವುದಿಲ್ಲ. ನೆರಳು ಹುಡುಕಿಕೊಂಡು ಕಾಡಿಗೆ ಬಂದವರು ನೆಟ್ಟಿಗಾಗಿ ಬಿಸಿಲು ಹುಡುಕಬೇಕು. ಜೋರು ಮಳೆಯಲ್ಲೂ ಅದು ತಡವರಿಸುತ್ತದೆ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದಾದ ಅಮಗಾಂವ ಇರುವುದು ಇದೇ ಖಾನಾಪುರ ತಾಲ್ಲೂಕಿನಲ್ಲಿ. ಶುಭ ಪ್ರಯಾಣ.

ಭಾರತದಲ್ಲಿ ಈ ಪ್ಲೇಟು ನಡೆದು ಬಂದ ದಾರಿ ಮಾತ್ರ ಯಾವ ಘಾಟಿಗೂ ಕಡಿಮೆಯಿಲ್ಲ.

2021ರಲ್ಲಿ ಕಂಪನಿ ಪರವಾನಗಿಯಿಲ್ಲದೆ ಮುಂಗಡ ಬುಕಿಂಗ್ ಶುರುಮಾಡಿತು. ಸರ್ಕಾರ ನಿಲ್ಲಿಸಿ ಎಂದಿತು. ದುಡ್ಡು ವಾಪಸ್ಸಾಯಿತು. ಆಮೇಲೆ ತರಂಗಾಂತರವನ್ನು ಹರಾಜು ಹಾಕಬೇಕೋ ಹಾಗೇ ಹಂಚಬೇಕೋ ಎಂಬ ಮಹಾಯುದ್ಧ. ಜಿಯೋ ಹರಾಜು ಹರಾಜು ಎಂದಿತು. ಏರ್‌ಟೆಲ್ ದನಿಗೂಡಿಸಿತು. ಹೊರಗಿನವನಿಗೆ ಪುಕ್ಕಟೆ ಆಕಾಶವೇ ಎಂಬ ದೇಶಭಕ್ತಿ ಉಕ್ಕಿ ಹರಿಯಿತು.

2025ರ ಮಾರ್ಚ್ 11ರಂದು ಏರ್‌ಟೆಲ್ ಸ್ಟಾರ್‌ಲಿಂಕ್ ಜೊತೆ ಒಪ್ಪಂದ ಮಾಡಿಕೊಂಡಿತು. ಮಾರನೇ ದಿನ ಜಿಯೋ ಮಾಡಿಕೊಂಡಿತು. ಯುದ್ಧ ಮುಗಿಯಿತು. ಹೊರಗಿನವನ ಪ್ಲೇಟನ್ನು ಒಳಗಿನವರೇ ಅಂಗಡಿಯಲ್ಲಿಟ್ಟು ಮಾರುವುದು ಎಂದಾಯಿತು. ಕೇಂದ್ರ ಸಚಿವರೊಬ್ಬರು ಖುಷಿಯಲ್ಲಿ ಭಾರತಕ್ಕೆ ಸ್ವಾಗತ ಎಂದು ಪೋಸ್ಟ್ ಹಾಕಿದರು. ದೂರದೂರದ ರೈಲ್ವೆ ಕಾಮಗಾರಿಗಳಿಗೆ ಉಪಯೋಗ ಎಂದೂ ಸೇರಿಸಿದರು. ಸ್ವಲ್ಪ ಹೊತ್ತಿಗೆ ಪೋಸ್ಟೇ ಮಾಯ. ಉಪಗ್ರಹಕ್ಕಿಂತ ವೇಗ.

ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ. ಜುಲೈನಲ್ಲಿ ಬಾಹ್ಯಾಕಾಶ ನಿಯಂತ್ರಕ ಇನ್‌ಸ್ಪೇಸ್‌ನ ಅನುಮತಿ. ಅದೇ ಜುಲೈ ಕೊನೆಗೆ ರಾಜ್ಯ ದರ್ಜೆಯ ಸಚಿವರು ಅಭಯ ಕೊಟ್ಟರು: ಸ್ಟಾರ್‌ಲಿಂಕಿಗೆ ದೇಶದಲ್ಲಿ 20 ಲಕ್ಷ ಗ್ರಾಹಕರಷ್ಟೇ ಸಾಧ್ಯ, ಬಿಎಸ್‌ಎನ್‌ಎಲ್‌ಗೆ ಧಕ್ಕೆಯಿಲ್ಲ. 140 ಕೋಟಿ ದಾಟಿದ ದೇಶದಲ್ಲಿ 20 ಲಕ್ಷ. ಕಾಡಿನವರಿಗೆ ಸಿಗ್ನಲ್ ಸಿಕ್ಕೀತೇ ಎಂಬ ಚಿಂತೆ ಯಾರಿಗಿತ್ತು? ಬಿಎಸ್‌ಎನ್‌ಎಲ್ ನೊಂದುಕೊಂಡೀತೇ ಎಂಬುದೇ ಚಿಂತೆ.

ಪರವಾನಗಿ ಸಿಕ್ಕ ಮೇಲೂ ತರಂಗಾಂತರದ ಶುಲ್ಕ ನೂರಕ್ಕೆ ನಾಲ್ಕೋ ಐದೋ ಎಂಬ ಜಗ್ಗಾಟದಲ್ಲಿ ತಿಂಗಳುಗಳು ಕಳೆದವು. ಡಿಸೆಂಬರಿನಲ್ಲಿ ಕಂಪನಿಯ ಜಾಲತಾಣದಲ್ಲಿ ದರಪಟ್ಟಿ ಕಾಣಿಸಿತು. ಉಪಕರಣಕ್ಕೆ 34,000 ರೂಪಾಯಿ, ತಿಂಗಳಿಗೆ 8,600. ದೇಶವೆಲ್ಲ ಹೌಹಾರಿತು. ಅದು ನಿಜವಾದ ದರವಲ್ಲ, ಪರೀಕ್ಷೆಗೆ ಹಾಕಿದ್ದ ಅಂಕಿ ಎಂದಿತು ಕಂಪನಿ. ಇರಲಿ. ಅಂಕಿ ತಪ್ಪೇ ಇರಬಹುದು, ಯಾರನ್ನು ನೆನೆದು ಬರೆದದ್ದು ಎಂಬುದಂತೂ ತಿಳಿಯಿತು. ಖಾನಾಪುರದ ಕಾಡಿನ ಹೆಣ್ಣುಮಗಳಿಗೆ ಗೃಹಲಕ್ಷ್ಮಿ ಯೋಜನೆಯ 2,000 ತಿಂಗಳಾ ತಪ್ಪದೆ ಬಂತು ಅಂತಲೇ ಇಟ್ಟುಕೊಳ್ಳಿ. (ನಗಬೇಡಿ, ಲೆಕ್ಕಕ್ಕಾಗಿ ಇಟ್ಟುಕೊಳ್ಳಿ.) ನಾಲ್ಕು ತಿಂಗಳ ದುಡ್ಡು ಕೂಡಿಸಿದರೂ ಒಂದು ತಿಂಗಳ ನೆಟ್ಟಿಗೆ 600 ರೂಪಾಯಿ ಕಡಿಮೆ.

ಇನ್ನು ಭದ್ರತೆ. 26/11ರ ಮುಂಬೈ ದಾಳಿಯ ನಂತರ ಉಪಗ್ರಹ ಫೋನು ಅಂದರೆ ನಮ್ಮಲ್ಲಿ ಬಾಂಬು ಅಂದಷ್ಟೇ ಭಯ. ಭಯಕ್ಕೆ ಕಾರಣವಿದೆ, ಒಪ್ಪೋಣ. ಆದರೆ ಚೋರ್ಲಾ ಇಳಿದರೆ ಸಿಗುವ ಗೋವಾದಲ್ಲಿ ಏನಾಯಿತು? 2024ರ ಡಿಸೆಂಬರಿನಲ್ಲಿ ವಿಮಾನ ನಿಲ್ದಾಣದಲ್ಲಿ ಕೆನಡಾದ ಮಹಿಳೆಯೊಬ್ಬರನ್ನು ಹಿಡಿದರು. ಚೀಲದಲ್ಲಿದ್ದದ್ದು ಚಾರಣಿಗರು ಒಯ್ಯುವ ಅಂಗೈಯಗಲದ ಉಪಗ್ರಹ ಸಾಧನ. ಕಾಡಿನಲ್ಲಿ ಕಾಲು ಮುರಿದರೆ ಸಹಾಯ ಕೇಳಲು ಇಟ್ಟುಕೊಳ್ಳುವಂಥದ್ದು. ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಇಲ್ಲಿ ಅಪರಾಧ.

ಘಟ್ಟದ ಕೆಳಗೆ ಸಹಾಯ ಕೇಳುವ ಸಾಧನವಿದ್ದದ್ದು ಅಪರಾಧ. ಘಟ್ಟದ ಮೇಲೆ ಅದು ಇಲ್ಲದಿರುವುದು ಯಾರ ಅಪರಾಧವೂ ಅಲ್ಲ. ಅದೇ ವರ್ಷದ ಜುಲೈನಲ್ಲಿ ಅಮಗಾಂವದಲ್ಲಿ ಒಬ್ಬ ಹೆಣ್ಣುಮಗಳಿಗೆ ಎದೆನೋವು ಬಂತು. ಸುರಿಯುವ ಮಳೆ. ರಸ್ತೆಯಿಲ್ಲ. ಊರವರು ಕಟ್ಟಿಗೆಗೆ ಕಂಬಳಿ ಬಿಗಿದು ಹೆಗಲ ಮೇಲೆ ಹೊತ್ತು ಕಾಡು ದಾಟಿಸಿದರು. ಆಂಬುಲೆನ್ಸ್ ರಸ್ತೆಯಲ್ಲಿ ಕಾಯಬೇಕು. ಅದನ್ನು ಕರೆಯಲಿಕ್ಕೂ ಮೊದಲು ರೇಂಜ್ ಇರುವ ಜಾಗಕ್ಕೆ ಯಾರಾದರೂ ಓಡಬೇಕು. 108 ಉಚಿತ ಸೇವೆ. ನಂಬರ್ ಹತ್ತುವ ಜಾಗಕ್ಕೆ ಓಡುವ ಖರ್ಚು ರೋಗಿಯ ಕಡೆಯವರದು.

ಆ ವರ್ಷದ ಕೊನೆಗೆ ಬೆಳಗಾವಿ ದೀಪಗಳಿಂದ ಝಗಝಗಿಸಿತು. ಇಲ್ಲೇ ನಡೆದ 1924ರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾಗಿದ್ದ ನೆನಪಿನ ಶತಮಾನೋತ್ಸವ. ಗ್ರಾಮ ಸ್ವರಾಜ್ಯ ಅಂದವರ ಹೆಸರಿನಲ್ಲಿ ಸರ್ಕಲ್ಲು ಸರ್ಕಲ್ಲಿಗೂ ಲೈಟಿಂಗು. ಅಮಗಾಂವದ ತನಕ ವೈರು ಸಾಲಲಿಲ್ಲವೇನೋ.

ತಂತ್ರಜ್ಞಾನ ಇಲ್ಲ ಅನ್ನುವ ಹಾಗಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಈ ದೇಶ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿತು. ಸೈಟ್ ಎಂದು ಅದರ ಹೆಸರು. ನಮ್ಮ ಕಲಬುರಗಿ ಸೀಮೆಯ ಹಳ್ಳಿಗಳೂ ಅದರಲ್ಲಿದ್ದವು. ಕೋಳಿ ಗೂಡಿಗೆ ಹಾಕುವ ತಂತಿ ಜಾಲರಿಯಲ್ಲಿ ಹತ್ತು ಅಡಿಯ ಆಂಟೆನಾ ಮಾಡಿ, ಶಾಲೆಯ ಅಂಗಳದಲ್ಲಿ ನಿಲ್ಲಿಸಿ, ಕನ್ನಡದಲ್ಲಿ ಪಾಠ, ಕೃಷಿ, ಆರೋಗ್ಯ ತೋರಿಸಿದರು. ಕೈಯಲ್ಲಿ ಸ್ವಂತ ಸಂಪರ್ಕ ಉಪಗ್ರಹವೇ ಇಲ್ಲದ ಕಾಲವದು. ಆಗ ಉಪಗ್ರಹ ಮೊದಲು ಹಳ್ಳಿಗೆ ಹೋಯಿತು.

ಈಗ ಎಲ್ಲ ಇದೆ. ಇಸ್ರೋ ಕಚೇರಿ ಬೆಂಗಳೂರಿನಲ್ಲಿ. ಉಪಗ್ರಹಗಳ ಲಗಾಮು ಹಿಡಿಯುವ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲಿ. 2024ರ ನವೆಂಬರಿನಲ್ಲಿ ಹಾರಿದ ಜಿಸ್ಯಾಟ್-ಎನ್2ರ ಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್. ವಿಮಾನದೊಳಗೆ ಕೂತವರಿಗೂ ಇಂಟರ್‌ನೆಟ್ ಕೊಡಬಲ್ಲದು ಎಂದು ಹೆಮ್ಮೆಯಿಂದ ಹೇಳಿಕೊಂಡರು. ಖಾನಾಪುರದ ಕಾಡಿನ ಮೇಲೆ ಹಾರುವವನಿಗೆ ನೆಟ್ಟು. ಕೆಳಗೆ ನಿಂತವನು ಕತ್ತೆತ್ತಿ ವಿಮಾನ ನೋಡಬೇಕು.

ಆದರೆ ನಿಂತವನಿಂದ ಸರ್ಕಾರ ಕೇಳುವುದೆಲ್ಲ ಆನ್‌ಲೈನಿನಲ್ಲೇ. ರೇಷನ್ ಅಕ್ಕಿಗೆ ಯಂತ್ರದ ಮೇಲೆ ಹೆಬ್ಬೆಟ್ಟು. ಯಂತ್ರಕ್ಕೆ ಸರ್ವರ್ ಬೇಕು. ಸರ್ವರ್‌ಗೆ ರೇಂಜ್ ಬೇಕು. ರೇಂಜ್ ಗುಡ್ಡದ ಮೇಲಿದೆ. ಅಕ್ಕಿ ಗುಡ್ಡದ ಕೆಳಗಿದೆ. ನರೇಗಾ ಕೂಲಿಗೆ 2023ರ ಜನವರಿಯಿಂದ ದಿನಕ್ಕೆರಡು ಸಲ ಆಪ್‌ನಲ್ಲಿ ಫೋಟೊ ಹಾಜರಿ ಕಡ್ಡಾಯ ಮಾಡಿದರು. ಮಣ್ಣು ಅಗೆದದ್ದಕ್ಕೆ ಮಣ್ಣು ಸಾಕ್ಷಿಯಲ್ಲ. ಅಂಗನವಾಡಿ ಕಾರ್ಯಕರ್ತೆ ಮಗುವಿನ ತೂಕವನ್ನು ಆಪ್‌ಗೆ ಹೇಳಬೇಕು. 2021ರ ಲಾಕ್‌ಡೌನಿನಲ್ಲಿ ಸುಳ್ಯದ ಗುತ್ತಿಗಾರು ಕಡೆ ಹುಡುಗಿಯೊಬ್ಬಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳಿದಳು, ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತ. ಆ ಚಿತ್ರಕ್ಕೆ ದೇಶ ಲೈಕ್ ಒತ್ತಿತು. ಲೈಕ್ ಒತ್ತಿದವರಿಗೆಲ್ಲ ರೇಂಜ್ ಇತ್ತು.

ದುಡ್ಡಿಲ್ಲ ಅನ್ನುವ ಹಾಗೂ ಇಲ್ಲ. ಮೊಬೈಲ್ ಕಂಪನಿಗಳ ಆದಾಯದಲ್ಲಿ ನೂರಕ್ಕೆ ಐದು ಪಾಲು ಹಳ್ಳಿಗಾಡಿನ ಸಂಪರ್ಕಕ್ಕೆಂದು ಎರಡು ದಶಕಗಳಿಂದ ವಸೂಲಾಗುತ್ತಿದೆ. ಅಂದರೆ ನಮ್ಮ ರೀಚಾರ್ಜಿನಿಂದಲೇ. ಹಿಂದೆ ಅದು ಸಾರ್ವತ್ರಿಕ ಸೇವಾ ನಿಧಿ. ಈಗ ಡಿಜಿಟಲ್ ಭಾರತ್ ನಿಧಿ. ಹೆಸರಿಗಂತೂ ರೇಂಜ್ ಬಂದಿದೆ. 2022ರ ಜುಲೈನಲ್ಲಿ ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಗೆ ಒಪ್ಪಿಗೆಯನ್ನೂ ಕೊಟ್ಟಿತು.

ಕಾಡಿನಲ್ಲಿ ಟವರ್ ಅಂದರೆ ಅರಣ್ಯ ಇಲಾಖೆ ಹುಬ್ಬೇರಿಸುತ್ತದೆ. ನ್ಯಾಯವೇ. ಖಾನಾಪುರದ ಭೀಮಗಡ 2011ರಿಂದ ವನ್ಯಜೀವಿಧಾಮ. ಜಗತ್ತಿನಲ್ಲಿ ಅಪರೂಪವಾದ ರಾಟನ್ ಬಾವಲಿ ಅಲ್ಲಿನ ಬಾರಾಪೆಡೆ ಗುಹೆಯಲ್ಲಿದೆ. ಮರ ಕಡಿಯಬಾರದು, ಕೇಬಲ್ಲಿಗೆ ಅಗೆಯಬಾರದು. ಸರಿ ಸ್ವಾಮಿ. ಮರ ಕಡಿಯದೆ, ನೆಲ ಅಗೆಯದೆ, ಬಾವಲಿಯ ನಿದ್ದೆ ಕೆಡಿಸದೆ ಬರುವ ನೆಟ್ಟು ಉಪಗ್ರಹದ್ದೊಂದೇ ತಾನೆ? ಶಾಲೆಯ ಹೆಂಚಿನ ಮೇಲೊಂದು ಪ್ಲೇಟು, ಪಕ್ಕದಲ್ಲೊಂದು ಸೋಲಾರ್. ಕಾಡೊಳಗಿನ ಗವ್ವಾಳಿಗೆ ಒಂದು, ಅಮಗಾಂವಕ್ಕೆ ಒಂದು. ಐವತ್ತು ವರ್ಷದ ಹಿಂದೆ ಕೋಳಿ ಜಾಲರಿಯಲ್ಲಿ ಮಾಡಿದ್ದನ್ನು ಈಗ ಮಾಡಲಿಕ್ಕೆ ಯಾವ ಕಡತ ಅಡ್ಡ?

ಕೇಳಬೇಕಾದವರು ದೂರವೇನಿಲ್ಲ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬಂದು ಬೆಳಗಾವಿ ಪಕ್ಕದ ಹಲಗಾದಲ್ಲಿ ಸುವರ್ಣ ವಿಧಾನಸೌಧ ಉದ್ಘಾಟಿಸಿದರು. ಚಳಿಗಾಲಕ್ಕೆ ಸರ್ಕಾರವೇ ಇಲ್ಲಿಗೆ ಬರುತ್ತದೆ. ಒಂದರ್ಥದಲ್ಲಿ ಅದೂ ಮೋಟಾರ್‌ಹೋಮೇ. ಕಡತ, ಅಡುಗೆಯವರು, ಬೆಂಬಲಿಗರ ಸಮೇತ ಬಂದು ಹತ್ತು ದಿನ ಬೀಡುಬಿಟ್ಟು, ಉತ್ತರ ಕರ್ನಾಟಕದ ಅಭಿವೃದ್ಧಿಯ ಬಗ್ಗೆ ಕೊನೆಯ ದಿನ ಮಾತಾಡಿ, ಎಂಜಿನ್ ಚಾಲೂ ಮಾಡುತ್ತದೆ. ಸದನದಲ್ಲಿ ಕಣಕುಂಬಿಯ ಹೆಸರು ಬರುತ್ತದೆ. ಕಳಸಾ ನಾಲೆ ಅಲ್ಲಿದೆಯಲ್ಲ. ಮಹದಾಯಿ ಹುಟ್ಟುವ ದೇಗಾಂವದ ಹೆಸರೂ ಬರುತ್ತದೆ. ನೀರು ಬೇಕು. ನೀರಿನ ಮಗ್ಗುಲಿನ ಜನ ಭಾಷಣದಲ್ಲಿ ಹಿಡಿಸುವುದಿಲ್ಲ. ಅವರು ಮರಾಠಿ ಮಾತಾಡುತ್ತಾರೆ ಎಂದು ಇಲ್ಲಿಯವರಿಗೆ ತಾತ್ಸಾರ. ಅವರ ಮರಾಠಿಗಾಗಿ ಜೀವ ಬಿಡುತ್ತೇವೆ ಅನ್ನುವ ಗಡಿಯಾಚೆಯವರೂ ಒಂದು ಕಡ್ಡಿ ಸಿಗ್ನಲ್ ತಂದುಕೊಟ್ಟಿಲ್ಲ.

ಹಾಗಂತ ಸರ್ಕಾರ ಸುಮ್ಮನೆ ಕೂತಿಲ್ಲ. ಪರಿಹಾರ ಹುಡುಕಿದೆ. ಊರಿಗೆ ರೇಂಜ್ ತರುವುದು ಕಷ್ಟ, ಊರನ್ನೇ ರೇಂಜ್ ಇರುವಲ್ಲಿಗೆ ತಂದರಾಯಿತು. ಭೀಮಗಡದ ಹಳ್ಳಿಗಳಿಗೆ ಸ್ಥಳಾಂತರದ ಪ್ಯಾಕೇಜು ಬಂದಿದೆ, ಕುಟುಂಬಕ್ಕೆ 15 ಲಕ್ಷ. 2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಮೊದಲ ಕಂತಿನ ಚೆಕ್ಕು ಹಂಚಿದರು. ಹೋಗುವವರು ಒಪ್ಪಿಯೇ ಹೋದರು ಅನ್ನುತ್ತಾರೆ. ರಸ್ತೆ, ಕರೆಂಟು, ರೇಂಜ್ ಯಾವುದೂ ಬಾರದ ಊರಿನಲ್ಲಿ ಇಷ್ಟು ವರ್ಷ ಕೂಡಿಸಿಟ್ಟ ಮೇಲೆ ಯಾರು ಒಪ್ಪುವುದಿಲ್ಲ?

ಇನ್ನು ಕ್ಯಾರವಾನ್ ಪ್ರವಾಸೋದ್ಯಮ. ಕೇರಳ 2021ರಲ್ಲೇ ಅದಕ್ಕೆಂದು ನೀತಿ ಮಾಡಿತು. ನಮ್ಮವರೂ ಆ ಮಾತು ಆಡುತ್ತಿದ್ದಾರೆ. ಗಾಡಿ ನಿಲ್ಲಿಸಲು ಜಾಗ ಬೇಕು, ಸಮತಟ್ಟು ನೆಲ, ಒಂದು ಬಾವಿ, ಮೇಲೆ ಮರ ಅಡ್ಡವಿಲ್ಲದ ಆಕಾಶ. ಕಾಡಿನ ನಡುವೆ ಅಂಥ ಜಾಗ ಎಲ್ಲಿ ಸಿಗುತ್ತದೆ ಎಂದು ತಲೆಕೆಡಿಸಿಕೊಳ್ಳುವ ಅಧಿಕಾರಿಗಳಿಗೆ ಒಂದು ಸುಳಿವು: ಜನ ಖಾಲಿ ಮಾಡಿದ ಊರಿನ ಅಂಗಳಗಳು ಸರಿಯಾಗಿ ಅದೇ ಅಳತೆಯಲ್ಲಿರುತ್ತವೆ.