ಸೈಟು ಸಿಕ್ಕವರ ಸಿಟ್ಟು

ಜಯನಗರದವರು ಸುಲಭಕ್ಕೆ ರೇಗುವವರಲ್ಲ. ಗೇಟಿನ ಮುಂದೆ ಯಾರದೋ ಕಾರು ನಿಂತರೆ ರೇಗುತ್ತಾರೆ. ಬೆಸ್ಕಾಂನವರು ಮರದ ಕೊಂಬೆ ಕಡಿದರೆ ರೇಗುತ್ತಾರೆ. ಜೆ.ಪಿ. ನಗರವೂ ಒಂಥರಾ ಜಯನಗರವೇ ಅಲ್ಲವೇ ಎಂದರೆ ತುಸು ಜಾಸ್ತಿಯೇ ರೇಗುತ್ತಾರೆ. ಅಸಲಿ ಸಿಟ್ಟು ನೋಡಬೇಕೆಂದರೆ ಬೆಳಗ್ಗೆ ಪೇಪರು ಮುಗಿದು ಎರಡನೇ ಕಾಫಿ ಬರುವುದರೊಳಗೆ ಕಾಂಪೌಂಡಿಗೆ ಮೊಣಕೈ ಊರಿ ಇಷ್ಟು ಕೇಳಿ: “ನಮ್ಮ ಬ್ಲಾಕಿನಲ್ಲೂ ಸರ್ಕಾರ ಬಡವರಿಗೆ ಕಡಿಮೆ ಬಾಡಿಗೆಯ ಮನೆ ಕಟ್ಟಿಸಿದರೆ ಹೇಗೆ?”

ನಾನು ಕೇಳಿದೆ. ಪಕ್ಕದ ಮನೆ ಯಜಮಾನರ ಕೈಯಲ್ಲಿದ್ದ ನೀರಿನ ಪೈಪು ದಾಸವಾಳವನ್ನು ಬಿಟ್ಟು ನನ್ನ ಕಡೆ ತಿರುಗಿತು.

“ಇಲ್ಲಿ ಚದರಡಿಗೆ ಎಷ್ಟು ನಡೀತಿದೆ ಗೊತ್ತೇನ್ರೀ ನಿಮಗೆ?”

ಗೊತ್ತು, ಅದಕ್ಕೇ ಕೇಳಿದ್ದು ಎಂದೆ. 2020ರ ಲಾಕ್‌ಡೌನಿನಲ್ಲಿ ಕೂಲಿಯವರು ಗಂಟುಮೂಟೆ ಹೊತ್ತು ನಡೆದೇ ಊರಿಗೆ ಹೊರಟರಲ್ಲ, ಆಗ ದಿಲ್ಲಿಗೂ ಹೊಳೆಯಿತು, ಇವರಿಗೆ ಸ್ವಂತ ಮನೆಯ ಕನಸಿಗಿಂತ ಮೊದಲು ಬಾಡಿಗೆಗೊಂದು ಸೂರು ಬೇಕು ಅಂತ. ಆ ಜುಲೈನಲ್ಲೇ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆ ಬಂತು. 2024ರಲ್ಲಿ ಪಿಎಂ ಆವಾಸ್ ನಗರ ಯೋಜನೆ ಎರಡನೇ ಅವತಾರ ಎತ್ತಿದಾಗ ಕೈಗೆಟುಕುವ ಬಾಡಿಗೆ ಮನೆಗೆಂದೇ ಒಂದು ವಿಭಾಗ ಮಾಡಿದರು.

“ಮಾಡ್ಲಿ, ಬೇಡ ಅಂದೋರ್ಯಾರು? ಹೊರಗಡೆ ಕಟ್ಟಲಿ. ಕಣಿಮಿಣಿಕೆ ಕಡೆ ಜಾಗ ಬೇಕಾದಷ್ಟಿದೆ.”

ಕಟ್ಟಿಯೂ ಆಗಿದೆ ಸ್ವಾಮಿ. ಬಿಡಿಎಯವರು ಮೈಸೂರು ರಸ್ತೆಯ ಆ ಕಣಿಮಿಣಿಕೆಯಲ್ಲೇ ಫ್ಲ್ಯಾಟು ಕಟ್ಟಿ, ಕೊಳ್ಳುವವರು ಬರಲಿ ಅಂತ ವರ್ಷಗಟ್ಟಲೆ ದಾರಿ ಕಾದರು. ಮನೆ ಒಂದು ಕಡೆ, ಅನ್ನ ಒಂದು ಕಡೆ ಆದರೆ ಯಾರು ಹೋಗುತ್ತಾರೆ? 2011ರ ಜನಗಣತಿಯ ಪ್ರಕಾರ ದೇಶದ ಪಟ್ಟಣಗಳಲ್ಲಿ ಬೀಗ ಹಾಕಿಕೊಂಡಿದ್ದ ಮನೆಗಳೇ ಒಂದು ಕೋಟಿ ಹತ್ತು ಲಕ್ಷದಷ್ಟು. ಮನೆ ಇಲ್ಲದವರ ಊರಲ್ಲೇ ಜನ ಇಲ್ಲದ ಮನೆ!

“ನಿಮ್ಮನೆಗೆ ಪಾತ್ರೆಗೆ ಬರೋಳು ಎಲ್ಲಿಂದ ಬರ್ತಾಳೆ?”

“ತಲಘಟ್ಟಪುರದ ಆಚೆ ಎಲ್ಲೋ. ಈಗೇನು, ಬಸ್ಸು ಫ್ರೀ ಅಲ್ವಾ?”

2023ರ ಜೂನ್‌ನಿಂದ ಹೆಂಗಸರಿಗೆ ಫ್ರೀ, ನಿಜ. ಟಿಕೆಟ್ಟಿನ ದುಡ್ಡು ಉಳಿಯಿತು. ಎರಡು ಬಸ್ಸು ಬದಲಿಸಿ ಬಂದು ಹೋಗುವ ಹೊತ್ತನ್ನು ಶಕ್ತಿ ಯೋಜನೆ ತುಂಬಿಕೊಡುವುದಿಲ್ಲ. ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಟ್ರಾಫಿಕ್ ಕಟ್ಟಿಕೊಂಡ ದಿನ ನಮ್ಮ ಇಡೀ ಕ್ರಾಸಿನ ಮನೆಗಳಲ್ಲಿ ಬಿ.ಪಿ. ಏರುತ್ತದೆ. ಅಡುಗೆಮನೆಯ ಕಿಟಕಿಯಿಂದ ಯಜಮಾನರ ಮನೆಯವರ ದನಿ ಬಂತು: “ಹತ್ತಿರದಲ್ಲೇ ಇದ್ದಿದ್ರೆ ನನಗಂತೂ ಒಳ್ಳೇದಿತ್ತಪ್ಪ.” ಯಜಮಾನರು ಆ ಕಡೆ ನೋಡದೆ ಪೈಪನ್ನು ತುಳಸಿಗೆ ಹಿಡಿದರು.

ಹಳೇ ಬೆಂಗಳೂರಿಗೆ ಇದು ಹೊಸ ವಿಷಯವೇನಲ್ಲ. ಬಸವನಗುಡಿ, ಚಾಮರಾಜಪೇಟೆಗಳ ವಠಾರಗಳಲ್ಲಿ ಒಂದೇ ನಲ್ಲಿಯ ಸುತ್ತ ಗುಮಾಸ್ತರು, ಮೇಷ್ಟ್ರುಗಳು, ಅಡುಗೆಯವರು ಸಾಲಾಗಿ ಬಾಳಿದರು. ಜಯನಗರದಲ್ಲಿ ವಠಾರ ಇರಲಿಲ್ಲ, ಅದರ ಬದಲು ಔಟ್‌ಹೌಸ್ ಇತ್ತು. ಹಿತ್ತಲಲ್ಲಿ ಎರಡು ಕೋಣೆ, ಒಂದು ಬಚ್ಚಲು, ಮೇಲೆ ಶೀಟು. ಮುಂದಿನ ಮನೆಯಲ್ಲಿ ಸೂಪರಿಂಟೆಂಡಿಂಗ್ ಎಂಜಿನಿಯರ್, ಹಿಂದಿನ ಔಟ್‌ಹೌಸಿನಲ್ಲಿ ಟೈಲರ್. ಸರ್ಕಾರದ ಒಂದು ಪೈಸೆಯೂ ಇಲ್ಲದೆ ಬಡವರಿಗೆ ಬಾಡಿಗೆ ಮನೆ ಒದಗಿಸಿದ್ದು ಅದು. ಈಗ ಹಳೇ ಮನೆಯೂ ಇಲ್ಲ, ಔಟ್‌ಹೌಸೂ ಇಲ್ಲ. ಸ್ಟಿಲ್ಟು, ಮೇಲೆ ನಾಲ್ಕು ಮಹಡಿ, ಗೇಟಿಗೆ ಟು-ಲೆಟ್ ಬೋರ್ಡು, ಬೋರ್ಡಿನ ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’. ಒಳಗೆ ಹೋಗಿ ಕೇಳಿದರೆ ಅಡ್ವಾನ್ಸು ಹತ್ತು ತಿಂಗಳು. ಎರಡು ತಿಂಗಳಿಗಿಂತ ಜಾಸ್ತಿ ಕೇಳಬಾರದು ಅಂತ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ 2021ರಲ್ಲೇ ಹೇಳಿದೆ. ನಮ್ಮ ಓನರುಗಳಿಗೆ ಅದನ್ನು ಓದುವಷ್ಟು ಪುರುಸೊತ್ತು ಸಿಕ್ಕಿಲ್ಲ.

“ಅದೆಲ್ಲ ಸರಿ. ತೆರಿಗೆ ಕಟ್ಟೋರು ನಾವು, ಪುಕ್ಕಟೆ ಮನೆ ಅವರಿಗೆ. ಇದ್ಯಾವ ನ್ಯಾಯ?”

ಪುಕ್ಕಟೆ ಅಲ್ಲ, ಬಾಡಿಗೆ ಕೊಡುತ್ತಾರೆ ಎಂದೆ. ಆಮೇಲೆ ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ: “ನಿಮ್ಮ ತಂದೆಯವರಿಗೆ ಈ ಸೈಟು ಹೇಗೆ ಬಂತು?”

“ಅರ್ಜಿ ಹಾಕಿದ್ರು. ಅಲಾಟ್ ಆಯ್ತು. ಸೈಕಲ್ಲಲ್ಲಿ ಆಫೀಸಿಗೆ ಹೋಗಿ, ಹೊಟ್ಟೆಬಟ್ಟೆ ಕಟ್ಟಿ ದುಡ್ಡು ತುಂಬಿದ್ರು.”

ಆ ಕಷ್ಟದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ತುಂಬಿದ್ದು ಯಾವ ದರ? ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿದ್ದು 1945ರಲ್ಲಿ. ರಾಜಾಜಿಯವರು 1948ರಲ್ಲಿ ಬಂದು ಜಯನಗರಕ್ಕೆ ಚಾಲನೆ ಕೊಟ್ಟು ಹೋದದ್ದಕ್ಕೆ ಅಶೋಕ ಪಿಲ್ಲರ್ ಇವತ್ತಿಗೂ ಸಾಕ್ಷಿಯಾಗಿ ನಿಂತಿದೆ. ಬೈರಸಂದ್ರ, ಯಡಿಯೂರು, ಸಾರಕ್ಕಿಗಳ ಹೊಲಗದ್ದೆಗಳನ್ನು ಸರ್ಕಾರ ತಾನೇ ಗೊತ್ತುಮಾಡಿದ ಪರಿಹಾರ ಕೊಟ್ಟು ತೆಗೆದುಕೊಂಡಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರರ ಮೊದಲಕ್ಷರ ಸೇರಿಸಿದ ಬಿಟಿಎಂಗೆ ಹಳ್ಳಿಗಳ ಹೆಸರೂ ಪೂರ್ತಿ ಉಳಿಯಲಿಲ್ಲ. ಆ ನೆಲಕ್ಕೆ ರಸ್ತೆ, ಮೋರಿ, ಪಾರ್ಕು ಹಾಕಿ ಟ್ರಸ್ಟ್ ಬೋರ್ಡು, 1976ರ ಮೇಲೆ ಬಿಡಿಎ, ಮಧ್ಯಮ ವರ್ಗಕ್ಕೆ ನಿಗದಿತ ಬೆಲೆಗೆ ಹಂಚಿದವು. ಹರಾಜು ಕೂಗಿದ್ದು ಹೆಚ್ಚಾಗಿ ಕಾರ್ನರ್ ಸೈಟುಗಳನ್ನು. ಕಾರ್ನರಿನ ಹರಾಜು ಬೆಲೆಗೂ ಪಕ್ಕದ ಸೈಟಿನ ಹಂಚಿಕೆ ಬೆಲೆಗೂ ಇದ್ದ ವ್ಯತ್ಯಾಸವನ್ನು ನೀವು ಏನಂತ ಕರೀತೀರಿ?

ಯಜಮಾನರು ಏನಂತಲೂ ಕರೆಯಲಿಲ್ಲ.

ಇನ್ನೂ ಒಂದಿದೆ ಎಂದೆ. ಹಳೇ ಪತ್ರದ ಕಟ್ಟು ಬಿಚ್ಚಿ ನೋಡಿ, ಮೊದಲ ಕಾಗದ ಕ್ರಯಪತ್ರ ಆಗಿರುವುದಿಲ್ಲ, ‘ಲೀಸ್ ಕಮ್ ಸೇಲ್’ ಕರಾರು ಆಗಿರುತ್ತದೆ. ಸೈಟು ಸಿಕ್ಕವರು ಮೊದಲ ಹತ್ತು ವರ್ಷ ಗುತ್ತಿಗೆದಾರರು, ಷರತ್ತೆಲ್ಲ ಪಾಲಿಸಿದ ಮೇಲಷ್ಟೇ ಮಾಲೀಕರು. ಅಂದರೆ ನಿಮ್ಮ ತಂದೆಯವರು ಹತ್ತು ವರ್ಷ ಸರ್ಕಾರದ ನೆಲದಲ್ಲಿ, ರಿಯಾಯಿತಿ ದರದಲ್ಲಿ, ಸಬ್ಸಿಡಿ ಬಾಡಿಗೆದಾರರಾಗಿದ್ದರು!

“ಅವರನ್ನ ಇವರ ಜೊತೆ ಹೋಲಿಸ್ತೀರಾ?” ಪೈಪಿನ ನೀರು ಈಗ ರಸ್ತೆಗೇ ಹರಿಯುತ್ತಿತ್ತು.

ಹೋಲಿಸಲೇಬೇಕು. ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜಿನ ಕ್ವಾರ್ಟರ್ಸಿನಲ್ಲಿ ಅಧಿಕಾರಿಗಳು ಇದ್ದರೆ ಅದು ಸವಲತ್ತು. ಪಿಜಿಯಲ್ಲಿ ತಿಂಗಳಿಗೆ 20,000 ರೂಪಾಯಿವರೆಗೆ ಕೊಟ್ಟು ಮೂರು ತಿಂಗಳು ಇದ್ದರೆ ಜಿಎಸ್‌ಟಿ ಇಲ್ಲ ಎಂದು 2024ರಲ್ಲಿ ಬಿಟ್ಟದ್ದು ವಿನಾಯಿತಿ. ಅದೇ ರಸ್ತೆ ಗುಡಿಸುವವಳಿಗೆ ಗುಡಿಸುವ ರಸ್ತೆಯಲ್ಲೇ ಮನೆ ಕೊಟ್ಟರೆ ಮಾತ್ರ ಬಿಟ್ಟಿ ಭಾಗ್ಯ.

ಆಗ ಯಜಮಾನರು ತಮ್ಮ ಬತ್ತಳಿಕೆಯ ಒಳ್ಳೆಯ ಬಾಣ ತೆಗೆದರು. “ಈಜಿಪುರ ಮರೆತ್ರಾ?”

ಮರೆಯುವ ಕಥೆಯಲ್ಲ ಅದು. ಕೋರಮಂಗಲದ ಮಗ್ಗುಲಲ್ಲೇ ಪಾಲಿಕೆ ಬಡವರಿಗೆ ಕ್ವಾರ್ಟರ್ಸ್ ಕಟ್ಟಿಸಿತ್ತು. ಗುಣಮಟ್ಟ ಎಂಥದ್ದೆಂದರೆ ಬ್ಲಾಕುಗಳು ಕುಸಿದವು. ಮತ್ತೆ ಕಟ್ಟಲು ಖಾಸಗಿಯವರನ್ನು ಕರೆದು, ಜಾಗದಲ್ಲಿ ಒಂದು ಪಾಲು ಶಾಪಿಂಗ್ ಮಾಲ್‌ಗೆ ಎಂದರು. 2013ರ ಜನವರಿಯ ಚಳಿಯಲ್ಲಿ ಬುಲ್ಡೋಜರ್ ಬಂದು ಸಾವಿರಾರು ಜನ ಬೀದಿಗೆ ಬಿದ್ದರು. ಹೊಸ ಮನೆಯ ಭರವಸೆ ಸಿಕ್ಕಿದ್ದು ಮೂಲ ಹಂಚಿಕೆದಾರರಿಗೆ. ಅಲ್ಲಿ ಬಾಡಿಗೆಗಿದ್ದವರು ಲೆಕ್ಕಕ್ಕೇ ಬರಲಿಲ್ಲ.

“ನೋಡಿ ಮತ್ತೆ. ಕಟ್ತಾರೆ, ರಿಪೇರಿ ಮಾಡಲ್ಲ. ಹತ್ತು ವರ್ಷಕ್ಕೆ ಕೊಳಗೇರಿ. ಮನೆ ಸಿಕ್ಕೋನು ಇನ್ನೊಬ್ಬನಿಗೆ ಬಾಡಿಗೆಗೆ ಬಿಟ್ಟು ಹೋಗ್ತಾನೆ.”

ಇದಕ್ಕೆ ನನ್ನಲ್ಲಿ ಕುಹಕದ ಉತ್ತರವಿಲ್ಲ. ಬಾಡಿಗೆ ಯಾರು ವಸೂಲಿ ಮಾಡುತ್ತಾರೆ, ಲಿಫ್ಟ್ ಕೆಟ್ಟರೆ ಯಾರು ಬರುತ್ತಾರೆ, ಕೆಲಸ ಬಿಟ್ಟು ಊರಿಗೆ ಹೋದವನ ಮನೆ ಯಾರಿಗೆ ಸಿಗುತ್ತದೆ ಎಂದು ಮೊದಲೇ ಬರೆದಿಡದ ಯೋಜನೆ ಉದ್ಘಾಟನೆಯ ರಿಬ್ಬನ್ನಿಗಷ್ಟೇ ಲಾಯಕ್ಕು. ಆದರೆ ಅದು ಮನೆಯ ಓನರಾಗಿ ಸರ್ಕಾರ ಮಾಡಿದ ಕೆಟ್ಟ ಕೆಲಸ, ಬಾಡಿಗೆದಾರರ ಗುಣದೋಷವಲ್ಲ. ಅಲ್ಲದೆ ಬಡವರ ಮಹಡಿ ಮನೆ ನಮಗೆ ಅಪರೂಪವೇನೂ ಅಲ್ಲ. ಒಂಬತ್ತನೇ ಬ್ಲಾಕಿನ ಮಗ್ಗುಲಲ್ಲೇ ರಾಗಿಗುಡ್ಡದಲ್ಲಿ ಕೊಳಗೇರಿ ಅಭಿವೃದ್ಧಿ ಮಂಡಳಿಯ ಕಟ್ಟಡಗಳು ನಿಂತಿಲ್ಲವೇ? ಅದರಿಂದ ಸುತ್ತಲ ಸೈಟಿನ ಬೆಲೆ ಬಿತ್ತೇ? 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ರಾಗಿಗುಡ್ಡದಲ್ಲೇ ನಿಂತು ಹೊರಡತೊಡಗಿದ ಮೇಲೆ ಬ್ರೋಕರುಗಳ ಬಾಯಲ್ಲಿ ಅದು ‘ಪ್ರೈಮ್’.

“ಬೆಲೆ ಬಿಡಿ. ನೀರೆಲ್ಲಿದೆ? ಪಾರ್ಕಿಂಗ್ ಎಲ್ಲಿದೆ? ಜನ ಜಾಸ್ತಿ ಆಗಲ್ವಾ?”

ಜನ ಜಾಸ್ತಿಯ ಮಾತು ಅವರು ಎತ್ತಬಾರದಿತ್ತು. ಅವರ ಭಾವಮೈದುನರು ಬಿಟಿಎಂ ಎರಡನೇ ಹಂತದ ಮೂವತ್ತು-ನಲವತ್ತರ ಸೈಟಿನಲ್ಲಿ ಪಿಜಿ ಇಟ್ಟಿದ್ದಾರೆ. ಒಬ್ಬೊಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಇರಬೇಕು ಎಂದು ಬಿಬಿಎಂಪಿ 2024ರಲ್ಲಿ ನಿಯಮ ತಂದಾಗ, ಬದುಕೋದು ಹೇಗೆ ಎಂದು ಇದೇ ಕಾಂಪೌಂಡಿನ ಹತ್ತಿರ ನಿಂತು ಗೋಳಾಡಿದವರು ಅವರು. ಪೂರ್ತಿ ಬಾಡಿಗೆ ಕೊಡುವವನು ಬಕೆಟ್ಟು ಬಕೆಟ್ಟು ನೀರು ಸುರಿದುಕೊಂಡರೂ ಅದು ಜನಸಂದಣಿ ಅಲ್ಲ. ಅಗ್ಗದ ಬಾಡಿಗೆಯವನು ಒಂದು ಚೊಂಬು ಹಿಡಿದರೂ ಕಾವೇರಿ ಬತ್ತುತ್ತದೆ.

ಈ ರೋಗ ನಮ್ಮೂರಿನದೊಂದೇ ಅಲ್ಲ ಎಂದು ಸಮಾಧಾನ ಹೇಳಿದೆ. ನಗರ ಪ್ರದೇಶದ ಊರುಗಳು ಇಂತಿಷ್ಟು ಪಾಲು ಕಡಿಮೆ ಬಾಡಿಗೆ ಮನೆ ಇಟ್ಟುಕೊಳ್ಳಲೇಬೇಕು ಎಂದು ಫ್ರಾನ್ಸಿನವರು 2000ದಲ್ಲಿ ಕಾನೂನು ಮಾಡಿದರು. ಪ್ಯಾರಿಸ್ಸಿನ ಪಕ್ಕದ ಸಿರಿವಂತ ಉಪನಗರ ನೋಯಿ, ಕಟ್ಟುವ ಬದಲು ವರ್ಷವರ್ಷವೂ ದಂಡ ತೆರುತ್ತಾ ಬಂದಿದೆ. ವಿಯೆನ್ನಾದಲ್ಲಿ ಊರಿನ ಅರ್ಧದಷ್ಟು ಜನ ಇಂಥ ಮನೆಗಳಲ್ಲೇ ಇದ್ದಾರೆ, ಡಾಕ್ಟರು, ಡ್ರೈವರು ಎಲ್ಲ ಒಂದೇ ಮೆಟ್ಟಿಲು ಹತ್ತುತ್ತಾರೆ.

“ದಂಡ ಕಟ್ಟಿದ್ರೆ ಬಿಟ್ಬಿಡ್ತಾರಾ?” ಯಜಮಾನರ ಮುಖ ಅರಳಿತು. “ಎಷ್ಟು ಬರುತ್ತೆ ನೋಡಿ, ಅಸೋಸಿಯೇಷನ್ನಿಂದ ಹಾಕೋಣ.”

ಅಷ್ಟರಲ್ಲಿ ಎರಡನೇ ಕಾಫಿ ಬಂತು, ಜೊತೆಗೆ ಮನೆಯವರೂ ಬಂದರು. “ಅಲ್ಲಾ ರೀ, ನಾವೂ ಮದುವೆಯಾದ ಹೊಸದರಲ್ಲಿ ಬನಶಂಕರಿ ಎರಡನೇ ಹಂತದ ಔಟ್‌ಹೌಸಿನಲ್ಲೇ ಇದ್ದದ್ದು. ಆ ಓನರಮ್ಮ ಬಾಡಿಗೆ ಏರಿಸದೆ ಇದ್ದದ್ದಕ್ಕೇ ತಾನೆ ನಾಲ್ಕು ಕಾಸು ಉಳಿದದ್ದು?” ಎಂದು ಲೋಟ ಕೊಟ್ಟು ಹೋದರು. ಕಾನೂನು, ಜನಗಣತಿ, ಫ್ರಾನ್ಸು ಯಾವುದೂ ಮಾಡದ ಕೆಲಸವನ್ನು ಆ ಮಾತು ಮಾಡಿತು. ಯಜಮಾನರು ಕಾಫಿ ಅರ್ಧ ಕುಡಿಯುವವರೆಗೂ ಸುಮ್ಮನಿದ್ದರು.

“ಆಯ್ತು, ಕಟ್ಟಲಿ” ಎಂದರು ಕೊನೆಗೆ. “ಆದ್ರೆ ನಮ್ಮ ಬ್ಲಾಕ್ ಬೇಡ. ಮೂರನೇ ಬ್ಲಾಕಲ್ಲಿ ಕಟ್ಟಲಿ.”

ನನಗಿಷ್ಟು ಸಾಕು. ಕಣಿಮಿಣಿಕೆಯಿಂದ ಮೂರನೇ ಬ್ಲಾಕಿನವರೆಗೆ ಒಂದೇ ಬೆಳಗಿನಲ್ಲಿ ಬಂದಿದ್ದಾರೆ. ನಮ್ಮ ಮೆಟ್ರೊ ಕೂಡ ಯಾವತ್ತೂ ಇಷ್ಟು ಬೇಗ ಬಂದದ್ದಿಲ್ಲ.