ಲಿನಕ್ಸಿಗೆ ವಿಂಡೋಸ್ ವೈರಸ್ ತರಿಸಿಕೊಳ್ಳುವ ಕ್ರಮ: ಬಳಕೆದಾರರ ಕೈಪಿಡಿ (ಗಡಿ ಭಾಗದ ಆವೃತ್ತಿ)

ವಿಂಡೋಸ್ ಇಟ್ಟುಕೊಂಡವರಿಗೆ ಈ ಕೈಪಿಡಿ ಬೇಕಿಲ್ಲ. ಅವರಿಗೆ ವೈರಸ್ ಕೇಳದೆಯೇ ಸಿಗುತ್ತದೆ. ಲಿನಕ್ಸ್ ಹಾಕಿಕೊಂಡವರು ಮಾತ್ರ ಒಂದಿಷ್ಟು ಮೈಮುರಿಯಬೇಕು. ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಕಡೆಯ ಡಿಟಿಪಿ ಅಂಗಡಿಯವರ ಅನುಕೂಲಕ್ಕಾಗಿ ಆ ಕ್ರಮವನ್ನು ಇಲ್ಲಿ ಕೊಟ್ಟಿದೆ.

ಈ ಕೈಪಿಡಿ ಯಾರಿಗೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಅಂಗಡಿಯ ಹಳೇ ಮಶೀನು ವಿಂಡೋಸ್ 11ನ್ನು ಒಲ್ಲೆ ಎಂದಿತು. ಪುಣೆಯಿಂದ ಹಬ್ಬಕ್ಕೆ ಬಂದ ಅಳಿಯ ಒಂದೇ ರಾತ್ರಿಯಲ್ಲಿ ಲಿನಕ್ಸ್ ಹಾಕಿಕೊಟ್ಟ. "ಇದಕ್ಕ ವೈರಸ್ ಹತ್ತಂಗಿಲ್ರಿ ಮಾಮಾ" ಎಂದು ಹೇಳಿ ಬಸ್ಸು ಹತ್ತಿದ. ಹುಡುಗ ಹೇಳಿದ್ದು ಅರ್ಧ ನಿಜ. ಉಳಿದರ್ಧ ಈ ಕೈಪಿಡಿಯಲ್ಲಿದೆ.

ಬೇಕಾಗುವ ಸಾಮಾನು

ಒಂದು ಲಗ್ನ ಪತ್ರಿಕೆ. ಉದಗೀರ, ನಿಲಂಗಾ 1956ರವರೆಗೆ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು. ರಾಜ್ಯದ ಗೆರೆ ಸರಿಯಿತು, ಬೀಗತನ ಸರಿಯಲಿಲ್ಲ. ಹೆಣ್ಣು ಭಾಲ್ಕಿಯದು, ಗಂಡು ಔರಾದ್ ಶಹಾಜಾನಿಯವನು ಎಂದರೆ ಪತ್ರಿಕೆಯ ಒಂದು ಮಗ್ಗಲು ಕನ್ನಡ, ಇನ್ನೊಂದು ಮಗ್ಗಲು ಮರಾಠಿ. ಕನ್ನಡದ ಹಳೇ ಫೈಲು ನುಡಿ ಅಥವಾ ಬರಹ ತಂತ್ರಾಂಶದಲ್ಲಿ, ಮರಾಠಿಯದು ಶ್ರೀಲಿಪಿಯಲ್ಲಿ, ಎರಡನ್ನೂ ಕೂಡಿಸಿದ್ದು 2001ರಲ್ಲಿ ಬಂದ ಪೇಜ್‌ಮೇಕರ್ 7ರಲ್ಲಿ. ಅಂಗಡಿಯಲ್ಲಿ ಇವೆಲ್ಲ ಓಡುತ್ತಿದ್ದದ್ದು ವಿಂಡೋಸಿನಲ್ಲಿ. ಲಿನಕ್ಸ್ ಹಾಕಿದ ಮರುದಿನವೇ ಗಿರಾಕಿ ಬರುತ್ತಾನೆ, ಹೋದ ವರ್ಷದ ಪತ್ರಿಕೆಯಲ್ಲಿ ಹೆಸರಷ್ಟೇ ಬದಲಿಸಿ ಅನ್ನುತ್ತಾನೆ.

ಎರಡನೆಯ ಸಾಮಾನು ವೈನ್. 1993ರಿಂದ ನಡೆದು ಬಂದ ಈ ತಂತ್ರಾಂಶ ವಿಂಡೋಸ್ ಪ್ರೋಗ್ರಾಮು ಕೇಳಿದ್ದನ್ನು ಲಿನಕ್ಸಿಗೆ ತಿಳಿಯುವ ಹಾಗೆ ಹೇಳುತ್ತದೆ. ಇದು ದುಭಾಷಿ, ಕಾವಲುಗಾರನಲ್ಲ. ಪ್ರೋಗ್ರಾಮು "ಈ ಫೈಲು ತೆರೆ" ಅಂದರೆ ತೆರೆಸುತ್ತದೆ, "ಅಳಿಸು" ಅಂದರೆ ಅಳಿಸುತ್ತದೆ. ಕೇಳಿದವರು ನುಡಿಯೋ ವೈರಸ್ಸೋ ಎಂದು ವಿಚಾರಿಸುವುದು ಅದರ ಕೆಲಸವಲ್ಲ.

ಮೂರನೆಯದು ಪೆನ್‌ಡ್ರೈವ್. ಅದನ್ನು ಗಿರಾಕಿಯೇ ತರುತ್ತಾನೆ.

ಅಳವಡಿಸುವ ವಿಧಾನ

ಪೆನ್‌ಡ್ರೈವ್ ಚುಚ್ಚಿರಿ. ಏನೂ ಆಗುವುದಿಲ್ಲ, ನಿರಾಶರಾಗಬೇಡಿ. ಚುಚ್ಚಿದ ಕೂಡಲೇ ತಾನೇ ಓಡುವ ಆಟೋರನ್ ಕಾಲದ ವೈರಸ್ಸುಗಳು ಲಿನಕ್ಸಿನಲ್ಲಿ ಸುಮ್ಮನೆ ಬಿದ್ದಿರುತ್ತವೆ.

ಈಗ ತೆರೆಯ ಮೇಲೆ ಏನಿದೆ ನೋಡಿ. "ಲಗ್ನ ಪತ್ರಿಕೆ" ಎಂಬ ಫೋಲ್ಡರು. ಅದರ ಪಕ್ಕದಲ್ಲೇ ಅದೇ ಹೆಸರಿಗೆ ಡಾಟ್ ಇಎಕ್ಸ್ಇ ಬಾಲ ಹಚ್ಚಿದ ಇನ್ನೊಂದು. ವೈರಸ್ಸು ನಿಜವಾದ ಫೋಲ್ಡರನ್ನು ಅಡಗಿಸಿ, ತಾನು ಫೋಲ್ಡರಿನ ಚಿತ್ರ ತೊಟ್ಟು ಕೂತಿದೆ. ವಿಂಡೋಸಿನಲ್ಲಿ ಅಡಗಿಸಿದ್ದೂ ಕಾಣದು, ಬಾಲವೂ ಕಾಣದು, ಹೀಗಾಗಿ ಅಲ್ಲಿ ಯಾರಾದರೂ ಮೋಸ ಹೋಗುತ್ತಾರೆ. ಲಿನಕ್ಸ್ ಆ ಅಡಗಿಸುವ ಗುರುತನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಸಲಿ ನಕಲಿ ಎರಡನ್ನೂ ಅಕ್ಕಪಕ್ಕ ತೋರಿಸುತ್ತದೆ. ಇಷ್ಟು ಸ್ಪಷ್ಟವಾಗಿ ಕಂಡ ಮೇಲೂ ನೀವು ನಕಲಿಯನ್ನೇ ಡಬಲ್ ಕ್ಲಿಕ್ ಮಾಡಬೇಕು. ಹೊರಗೆ ಬಸವಕಲ್ಯಾಣದ ಬಸ್ಸು ಹಾರ್ನ್ ಹೊಡೆಯುತ್ತಿದ್ದರೆ, ಗಿರಾಕಿ "ಲಗೂ ಮಾಡ್ರಿ" ಅನ್ನುತ್ತಿದ್ದರೆ ಇದು ಸುಲಭ.

ಅದು ಓಡಲು ಅನುಮತಿ ಬೇಡವೇ ಎಂಬ ಸಂಶಯ ಬರಬಹುದು. ಪೆನ್‌ಡ್ರೈವಿನ ಹಳೇ ಫ್ಯಾಟ್ ಮಾದರಿಯಲ್ಲಿ ಇಎಕ್ಸ್ಇ ಬಾಲದ ಫೈಲುಗಳಿಗೆ ಓಡುವ ಅನುಮತಿಯನ್ನು ಅನೇಕ ಲಿನಕ್ಸ್‌ಗಳು ತಾವೇ ಕೊಟ್ಟುಬಿಡುತ್ತವೆ. ವೈನ್ ಇದ್ದರೆ ಡಬಲ್ ಕ್ಲಿಕ್ಕೂ ಬಹುಪಾಲು ಅದಕ್ಕೇ ಹೋಗುತ್ತದೆ. ಕಷ್ಟ ಇಲ್ಲಿಗೆ ಮುಗಿಯಿತು.

ಅವಸರವಿಲ್ಲದವರಿಗೆ ಇನ್ನೊಂದು ದಾರಿ: ಪೇಜ್‌ಮೇಕರಿನ ಕ್ರ್ಯಾಕ್ ಇಳಿಸಿಕೊಳ್ಳಿ. "ಮೊದಲು ಆಂಟಿವೈರಸ್ ಬಂದ್ ಮಾಡಿ" ಎಂಬ ಸೂಚನೆ ಅದರಲ್ಲಿರುತ್ತದೆ. ನಿಮ್ಮಲ್ಲಿ ಆಂಟಿವೈರಸ್ಸೇ ಇಲ್ಲವಾದ್ದರಿಂದ ಒಂದು ಹೆಜ್ಜೆ ಉಳಿಯಿತು.

ಸಾಮರ್ಥ್ಯ

ಬಂದ ಅತಿಥಿಗೆ ಏನೆಲ್ಲ ಸಿಗುತ್ತದೆ? ವೈನ್ ನಿಮ್ಮ ಮನೆಯ ಫೋಲ್ಡರಿನಲ್ಲಿ ಒಂದು ಸಿ ಡ್ರೈವ್ ಕಟ್ಟಿರುತ್ತದೆ. ಅದೊಂದೇ ಆಗಿದ್ದರೆ ಚಿಂತೆಯಿರಲಿಲ್ಲ. ಇಡೀ ಲಿನಕ್ಸಿನ ಬೇರನ್ನೇ ವೈನ್ ಝಡ್ ಡ್ರೈವ್ ಎಂದು ತೋರಿಸುತ್ತದೆ, ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರಿಗೂ ಕೊಂಡಿ ಹಾಕಿರುತ್ತದೆ. ನೀವು ಮುಟ್ಟಬಹುದಾದ ಪ್ರತಿಯೊಂದು ಫೈಲನ್ನೂ ಅತಿಥಿ ಮುಟ್ಟಬಹುದು.

ಸಿಸ್ಟಮ್ ಫೈಲು ಮುಟ್ಟಲು ರೂಟ್, ಅಂದರೆ ಮಶೀನಿನ ಯಜಮಾನನ, ಪಾಸ್‌ವರ್ಡ್ ಬೇಕು, ಅದು ವೈರಸ್ಸಿಗೆ ಗೊತ್ತಿಲ್ಲ ಎಂದು ಲಿನಕ್ಸ್ ಅಭಿಮಾನಿಗಳು ಎದೆ ತಟ್ಟಿಕೊಳ್ಳುತ್ತಾರೆ. ಸರಿಯೇ. ವಿಂಡೋಸ್ ಕರ್ನಲಿನೊಳಗೆ ನುಸುಳಲು ಬಂದ ರೂಟ್‌ಕಿಟ್ಟಿಗೆ ಇಲ್ಲಿ ಆ ಕರ್ನಲೇ ಸಿಗದು. ಆದರೆ ಸಿಸ್ಟಮ್ ಫೈಲು ಕೆಟ್ಟರೆ ಅಳಿಯ ಮತ್ತೆ ಬಂದು ಅರ್ಧ ಗಂಟೆಯಲ್ಲಿ ಹಾಕಿಕೊಡುತ್ತಾನೆ. ಗಿರಾಕಿಗಳ ಆಧಾರ್ ಸ್ಕ್ಯಾನು, ಜಮೀನಿನ ಸಾತ್‌ಬಾರಾ ಉತಾರೆ, ವರ್ಷಗಳಿಂದ ಕೂಡಿಟ್ಟ ಪತ್ರಿಕೆಗಳ ವಿನ್ಯಾಸ ಇರುವುದು ನಿಮ್ಮ ಫೋಲ್ಡರಿನಲ್ಲಿ. ಅದಕ್ಕೆ ರೂಟ್ ಪಾಸ್‌ವರ್ಡ್ ಬೇಕಿಲ್ಲ.

2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ವಾನ್ನಾಕ್ರೈಯನ್ನು ಕುತೂಹಲಕ್ಕೆ ವೈನ್‌ನಲ್ಲಿ ಓಡಿಸಿ ನೋಡಿದವರಿದ್ದಾರೆ. ಫೈಲುಗಳಿಗೆ ಬೀಗ ಬಿತ್ತು. ವಿಂಡೋಸಿಗೆ ಅದು ನೆಟ್‌ವರ್ಕಿನ ಕಿಂಡಿಯಿಂದ ತಾನೇ ನುಗ್ಗಿತ್ತು; ಇಲ್ಲಿ ಕೈಯಾರೆ ಕರೆಯಬೇಕು, ಅಷ್ಟೇ ವ್ಯತ್ಯಾಸ.

ಇನ್ನೂ ಹೆಚ್ಚಿನ ಸಾಮರ್ಥ್ಯ ಬೇಕಾದವರು ವೈನನ್ನು ಸುಡೋ ಹಚ್ಚಿ, ಅಂದರೆ ರೂಟ್ ಅಧಿಕಾರ ಕೊಟ್ಟು, ಓಡಿಸಿ. ಹಾಗೆ ಮಾಡಬೇಡಿ ಎಂದು ವೈನ್ ತಂಡದವರೇ ಬರೆದಿದ್ದಾರೆ. ನಮ್ಮಲ್ಲಿ ಅಂಥದ್ದನ್ನು ಓದುವ ರೂಢಿಯಿಲ್ಲ.

ದೋಷ ನಿವಾರಣೆ

ಮಶೀನು ರಿಸ್ಟಾರ್ಟ್ ಮಾಡಿದರೆ ವೈರಸ್ ಹೋಯಿತೇ? ಹೋದಂತೆ ಕಾಣುತ್ತದೆ. ಆದರೆ ವೈನಿನ ರಿಜಿಸ್ಟ್ರಿಯಲ್ಲಿ ಅದು ಹೆಸರು ಬರೆಸಿಟ್ಟಿದ್ದರೆ, ಮುಂದಿನ ಸಲ ನೀವು ನುಡಿ ತೆರೆದಾಗ ಜೊತೆಗೆ ತಾನೂ ಏಳುತ್ತದೆ. ಟರ್ಮಿನಲ್ಲಿನಲ್ಲಿ ವೈನ್‌ಸರ್ವರ್ ಎಂದು ಬರೆದು, ಒಂದು ಜಾಗ ಬಿಟ್ಟು ಹೈಫನ್ ಕೆ ಹಾಕಿದರೆ ವೈನಿನಲ್ಲಿ ಓಡುತ್ತಿರುವುದೆಲ್ಲ ನಿಲ್ಲುತ್ತದೆ. ಆಮೇಲೆ ಮನೆಯ ಫೋಲ್ಡರಿನ ಡಾಟ್ ವೈನ್ ಎಂಬುದನ್ನೇ ಅಳಿಸಿದರೆ ಸಿ ಡ್ರೈವೂ ರಿಜಿಸ್ಟ್ರಿಯೂ ಒಟ್ಟಿಗೆ ಹೋಗುತ್ತವೆ. ಬೀಗ ಬಿದ್ದ ಫೈಲು ಮಾತ್ರ ಇದರಿಂದ ತಿರುಗಿ ಬರುವುದಿಲ್ಲ.

ವೈರಸ್ ಬೇಡ ಎನ್ನುವ ವಿಚಿತ್ರ ಗಿರಾಕಿಗಳಿಗಾಗಿ

ವೈನಿಗೆಂದೇ ಬೇರೆ ಬಳಕೆದಾರ ಖಾತೆ ತೆರೆಯಿರಿ, ನಿಮ್ಮ ಫೋಲ್ಡರಿಗೆ ಅದರಿಂದ ದಾರಿ ಇಡಬೇಡಿ. ವೈನಿನ ಜೊತೆಗಾರ ವೈನ್‌ಟ್ರಿಕ್ಸ್‌ನ ಸ್ಯಾಂಡ್‌ಬಾಕ್ಸ್ ಆಯ್ಕೆ ಮನೆಯ ಫೋಲ್ಡರಿನ ಕೊಂಡಿಗಳನ್ನು ಕತ್ತರಿಸುತ್ತದೆ, ಆದರೆ ಅದು ಪೂರಾ ಗೋಡೆಯಲ್ಲ. ಗೋಡೆಯೇ ಬೇಕಾದರೆ ವರ್ಚುವಲ್‌ಬಾಕ್ಸ್ ಹಾಕಿ, ವಿಂಡೋಸನ್ನು ಅದರೊಳಗೆ ಕೂರಿಸಿ, ಹಂಚಿಕೆಯ ಫೋಲ್ಡರ್ ಕೊಡಬೇಡಿ.

ಕನ್ನಡ ಟೈಪ್ ಮಾಡಲಿಕ್ಕೆ ವೈನಿನ ಅಗತ್ಯವೇ ಇಲ್ಲ. ನುಡಿಯನ್ನು ಅದರಲ್ಲಿ ಕಷ್ಟಪಟ್ಟು ಓಡಿಸಿದರೂ ಅದರ ಕೀಲಿಗಳು ಹೊರಗಿನ ಲಿಬ್ರೆ ಆಫೀಸಿಗೆ ತಲುಪುವುದಿಲ್ಲ. ನಿಮ್ಮ ಬೆರಳಿಗೆ ರೂಢಿಯಾದ ನುಡಿಯ ಕೆಜಿಪಿ ಕೀಲಿಮಣೆ ಲಿನಕ್ಸಿನ ಟೈಪಿಂಗ್ ವ್ಯವಸ್ಥೆಯಾದ ಐಬಸ್ಸಿನ ಎಂ17ಎನ್ ಪಟ್ಟಿಯಲ್ಲಿ ಸಿಗುತ್ತದೆ, ಪುಕ್ಕಟೆ. ಹಳೇ ನುಡಿ ಫೈಲು ಓದಲು ಅದರ ಫಾಂಟ್ ಹಾಕಿದರೆ ಆಯಿತು, ಫಾಂಟಿಗೆ ವೈನ್ ಬೇಡ.

ಖಾತರಿ

ಇಲ್ಲ. ಫೈಲುಗಳ ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿದೆ ಎಂದು ನೆಮ್ಮದಿಯಿಂದ ಇದ್ದರೆ ಒಮ್ಮೆ ಅಂಗಡಿಯಲ್ಲಿ ನೋಡಿ. ಆ ಡಿಸ್ಕು ಕಂಪ್ಯೂಟರಿಗೆ ಚುಚ್ಚಿಕೊಂಡೇ ಇದ್ದರೆ ಅದೂ ಝಡ್ ಡ್ರೈವಿನಲ್ಲೇ ಇದೆ. ಇವತ್ತೇ ಕಳಚಿ ಇಡಿ.